ದಮ್ಮು, ಉಬ್ಬಸ ಮತ್ತು ನಮ್ಮ ಬೀದಿಯ ವೈದ್ಯ

ಕನ್ನಡದ ಆಡುಮಾತಿನಲ್ಲಿ ‘ದಮ್ಮು’ ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟು. ಪಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಅಲ್ಲಿಂದ ಹೊರಟು, ದಖನಿ ಉರ್ದುವನ್ನು ಹಾದು, ನಮ್ಮ ನಾಡಿಗೆ ಬಂದ ಈ ಶಬ್ದ ಇಲ್ಲಿಯೇ ಸಂಸಾರ ಹೂಡಿತು. ‘ದಮ್ಮಿದ್ದರೆ ಎದುರಿಗೆ ಬಾ’ ಎಂದಾಗ ಅದು ಧೈರ್ಯ. ‘ಒಂದು ದಮ್ಮು ಎಳೆದು ಬರುತ್ತೇನೆ’ ಎಂದಾಗ ಅದು ಬೀಡಿಯ ಹೊಗೆ. ‘ಪಾಪ, ಅವರಿಗೆ ದಮ್ಮು, ಮೆಟ್ಟಿಲು ಹತ್ತಲಾರರು’ ಎಂದಾಗ ಅದು ರೋಗ. ಎರಡನೆಯ ಅರ್ಥವು ಮೂರನೆಯದಕ್ಕೆ ಕಾರಣವಾಗಿ, ಮೂರನೆಯದು ಮೊದಲನೆಯದನ್ನು ಮೆಲ್ಲಮೆಲ್ಲನೆ ಕಸಿದುಕೊಳ್ಳುವ ಬಗೆ ಹೇಗೆ, ಅದನ್ನು ತಡೆಯಲು ದೊಡ್ಡ ಆಸ್ಪತ್ರೆಯಲ್ಲ, ನಮ್ಮ ಬೀದಿಯ ತುದಿಯ ವೈದ್ಯರು ಏನು ಮಾಡಬಲ್ಲರು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ನಾನು ವೈದ್ಯನಲ್ಲ, ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಾನಿರುವ ಜೋಗುಪಾಳ್ಯ, ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇಕ್ಕಟ್ಟಾಗಿ ಕುಳಿತ ಬಡಾವಣೆ. ಅತ್ತ ಹಳೆಯ ಮದರಾಸು ರಸ್ತೆಯ ವಾಹನಗಳ ಹೊಗೆ. ಇತ್ತ ಕೈ ಚಾಚಿದರೆ ಎದುರುಮನೆಯ ಕಿಟಕಿಗೆ ತಗಲುವಂಥ ಓಣಿಗಳು. ಇಂಥ ಓಣಿಗಳಲ್ಲಿ ನೆರೆಯವರ ಕೆಮ್ಮು ಗುಟ್ಟಾಗಿ ಉಳಿಯುವುದಿಲ್ಲ. ಮಾಗಿಯ ಬೆಳಗಿನ ಜಾವದಲ್ಲಿ ಯಾರ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂಬುದನ್ನು ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದು. ನಿವೃತ್ತಿಯಾದ ಮೇಲೆ ನೆರೆಹೊರೆಯವರ ಔಷಧದ ಚೀಟಿಗಳನ್ನು ಓದಿ ಹೇಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಚೀಟಿಗಳಿಂದ ಹುಟ್ಟಿದ ಕುತೂಹಲ ವೈದ್ಯಮಿತ್ರರೊಡನೆ ಚರ್ಚೆಗೂ, ಅವರು ಕೊಟ್ಟ ಪುಸ್ತಕಗಳಿಗೂ ನನ್ನನ್ನು ಕರೆದೊಯ್ದಿತು.

ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ನಲ್ಲಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಕನ್ನಡಿಗರು ಗೂರಲು ಎನ್ನುವುದನ್ನು ತಮಿಳರು ಇಳೈಪ್ಪು ಎನ್ನುತ್ತಾರೆ, ತೆಲುಗರು ಉಬ್ಬಸಂ ಎನ್ನುತ್ತಾರೆ, ಉರ್ದು ಆಡುವವರು ದಮಾ ಎನ್ನುತ್ತಾರೆ. ನಮ್ಮ ಹಳೆಯ ಕಾವ್ಯಗಳಲ್ಲಿ ‘ಉಬ್ಬಸ’ಕ್ಕೆ ಕಷ್ಟ, ಸಂಕಟ ಎಂಬ ಅರ್ಥವೂ ಇದೆ, ಅದು ಯೋಗ್ಯವೇ. ಆದರೆ ಈ ಹೆಸರುಗಳಿಗೆಲ್ಲ ಒಂದು ಸಮಾನ ದೋಷವಿದೆ. ಇವು ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಗೋಣಿಚೀಲದಲ್ಲಿ ತುಂಬುತ್ತವೆ. ಒಂದು, ಆಸ್ತಮಾ. ಇನ್ನೊಂದು, ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವ ರೋಗ. ‘ದೀರ್ಘಕಾಲಿಕ ಶ್ವಾಸಾವರೋಧ ರೋಗ’ ಎಂದು ಕನ್ನಡಿಸಬಹುದು. ಪಾರಿಭಾಷಿಕ ಪದ ಕಟ್ಟುವುದು ನನ್ನಂಥವರ ಚಟ; ಕಟ್ಟಿದ ಪದವನ್ನು ಆ ರೋಗಿ ಒಂದೇ ಉಸಿರಿನಲ್ಲಿ ಹೇಳಲಾರ ಎಂಬುದು ಬೇರೆ ಮಾತು.

ಶ್ವಾಸಕೋಶವನ್ನು ತಲೆಕೆಳಗಾದ ಒಂದು ಅಶ್ವತ್ಥ ವೃಕ್ಷವೆಂದು ಭಾವಿಸಿ. ಗಂಟಲಿನ ಕೆಳಗಿನ ದೊಡ್ಡ ನಾಳವೇ ಕಾಂಡ. ಅದು ಕವಲೊಡೆಯುತ್ತ, ಕಿರಿದಾಗುತ್ತ ಹೋಗಿ, ತುದಿಯಲ್ಲಿ ಎಲೆಗಳಿಗೆ ಬದಲಾಗಿ ಅತಿ ತೆಳುವಾದ ಗಾಳಿಚೀಲಗಳಿವೆ. ಆಸ್ತಮಾದಲ್ಲಿ ಕೊಂಬೆಗಳು ಆಗಾಗ ಬಿಗಿದುಕೊಳ್ಳುತ್ತವೆ, ಮತ್ತೆ ಸಡಿಲುತ್ತವೆ. ಎರಡು ದಾಳಿಗಳ ನಡುವೆ ರೋಗಿ ಬಹುಮಟ್ಟಿಗೆ ಆರೋಗ್ಯವಂತ. ಅದು ಎಳೆಯರನ್ನೂ ಬಿಡುವುದಿಲ್ಲ. ನಮ್ಮ ಹಲಸೂರು ಕೆರೆಯ ದಂಡೆಯ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಡಾ. ಎಚ್. ಪರಮೇಶ್ ಅವರು ಬರೆದಿಟ್ಟ ಲೆಕ್ಕದಂತೆ, ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಆಸ್ತಮಾದ ಪ್ರಮಾಣ ೧೯೭೯ರಲ್ಲಿ ಶೇಕಡಾ ೯ ಇದ್ದದ್ದು ೧೯೯೯ರ ವೇಳೆಗೆ ಶೇಕಡಾ ೨೯.೫ಕ್ಕೆ ಏರಿತ್ತು. ಸಿ.ಓ.ಪಿ.ಡಿ. ಹಾಗಲ್ಲ. ಇದು ನಲವತ್ತರ ಸುಮಾರಿಗೆ ಕಾಣಿಸಿಕೊಂಡು ಹಿಂದಿರುಗದ ಅತಿಥಿ. ಕೊಂಬೆಗಳ ಒಳಗೋಡೆ ಊದಿ, ಕಫ ಕಟ್ಟಿ, ಶಾಶ್ವತವಾಗಿ ಕಿರಿದಾಗುತ್ತದೆ. ತುದಿಯ ಚೀಲಗಳ ಗೋಡೆ ಹರಿದು ಹತ್ತು ಚೀಲಗಳು ಕೂಡಿ ಒಂದು ಜೋಲು ಚೀಲವಾಗುತ್ತದೆ. ಇಲ್ಲಿ ತೊಂದರೆ ಮುಖ್ಯವಾಗಿ ಉಸಿರನ್ನು ಒಳಗೆ ಎಳೆಯುವುದರಲ್ಲಲ್ಲ, ಹೊರಗೆ ಬಿಡುವುದರಲ್ಲಿ. ಹಳೆಯ ಗಾಳಿ ಹೊರಗೆ ಹೋಗದೆ ಉಳಿದರೆ ಹೊಸ ಗಾಳಿಗೆ ಎಡೆಯೆಲ್ಲಿ? ತುಂಬಿದ ಬಸ್ಸಿನಿಂದ ಯಾರೂ ಇಳಿಯದೆ ಇದ್ದ ಹಾಗೆ.

ಈ ರೋಗದ ವ್ಯಾಪ್ತಿಯನ್ನು ನಾವು ಎಣಿಸಿಕೊಂಡಿಲ್ಲ. ೧೯೯೦ರಲ್ಲಿ ಭಾರತದಲ್ಲಿ ಈ ರೋಗಿಗಳು ಸುಮಾರು ೨ ಕೋಟಿ ೮೧ ಲಕ್ಷ. ೨೦೧೬ರಲ್ಲಿ ೫ ಕೋಟಿ ೫೩ ಲಕ್ಷ ಎಂಬುದು ೨೦೧೮ರಲ್ಲಿ ಪ್ರಕಟವಾದ ಅಂದಾಜು. ಅದೇ ವರದಿಯಂತೆ ಈ ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಮನೆಯೊಳಗಿನ ಮತ್ತು ಹೊರಗಿನ ಮಲಿನ ಗಾಳಿ ಕಾರಣ. ತಂಬಾಕಿನ ಪಾಲು ಕಾಲು ಭಾಗ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ದಮ್ಮು ಎಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಎಂದೇ ನಮ್ಮ ಜನ ನಂಬಿದ್ದಾರೆ. ಹಾಗೆ ನಂಬಿದ್ದರಿಂದ ಹೆಂಗಸರ ಏದುಸಿರು ಕಾಯಿಲೆಯ ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧ ತಾಯಿ ಇದ್ದಾರೆ. ಬೀಡಿ ಸಿಗರೇಟುಗಳನ್ನು ಕೈಯಲ್ಲಿ ಮುಟ್ಟಿದವರಲ್ಲ. ಮದುವೆಯಾಗಿ ಬಂದ ಮೇಲೆ ಇಪ್ಪತ್ತೈದು ವರ್ಷ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಮರದ ಹೊಟ್ಟಿನ ಒಲೆ, ಬಚ್ಚಲಲ್ಲಿ ಸೌದೆಯ ಹಂಡೆ. ಐವತ್ತೈದಕ್ಕೆ ಮೇಲುಸಿರು ಶುರುವಾದಾಗ ಮನೆಯವರು ‘ವಯಸ್ಸಾಯಿತಲ್ಲ’ ಎಂದರು. ಅವರೂ ಹಾಗೆಯೇ ಅಂದುಕೊಂಡರು. ಮೊದಲು ದೇವಸ್ಥಾನಕ್ಕೆ ಹೋಗುವುದು ನಿಂತಿತು, ಆಮೇಲೆ ಅಂಗಡಿಗೆ, ಆಮೇಲೆ ಮಹಡಿಯ ಮೇಲೆ ಬಟ್ಟೆ ಒಣಹಾಕುವುದು. ಈ ರೋಗದ ಕಪಟ ಇದೇ. ಉಸಿರು ಸಾಲದಾದಾಗ ಮನುಷ್ಯ ತನ್ನ ಲೋಕವನ್ನೇ ಚಿಕ್ಕದು ಮಾಡಿಕೊಳ್ಳುತ್ತಾನೆ. ಚಿಕ್ಕದಾದ ಲೋಕದಲ್ಲಿ ಉಸಿರು ಸಾಕೆನಿಸುತ್ತದೆ. ಹಾಗಾಗಿ ದೂರು ಹೇಳುವುದಕ್ಕೇ ಕಾರಣವಿರುವುದಿಲ್ಲ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಂಥವರ ಪಾಲಿಗೆ ಬಹಳ ಬೆಲೆಯುಳ್ಳದ್ದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ ಎಂಬ ಎರಡು ಸಂಖ್ಯೆಗಳನ್ನು ಗುಣಿಸಿ ಒಂದು ಸೂಚ್ಯಂಕ ಮಾಡುತ್ತಾರೆ. ಈ ಗುಣಲಬ್ಧ ೬೦ನ್ನು ಮುಟ್ಟಿದಾಗ ದೀರ್ಘಕಾಲದ ಕಫಕೆಮ್ಮಿನ ಅಪಾಯ ಗಮನಾರ್ಹವಾಗುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ನಮ್ಮ ತಾಯಂದಿರಲ್ಲಿ ಈ ಅಂಕವನ್ನು ದಾಟದವರು ಎಷ್ಟು ಜನ? ‘ಸೇದುತ್ತೀರಾ?’ ಎಂದು ಗಂಡಸರನ್ನು ಕೇಳುವ ವೈದ್ಯರು ‘ಯಾವ ಒಲೆ, ಎಷ್ಟು ವರ್ಷ?’ ಎಂದು ಹೆಂಗಸರನ್ನು ಕೇಳಿದರೆ ಅರ್ಧ ರೋಗನಿದಾನ ಅಲ್ಲಿಯೇ ಆದಂತೆ.

ಪರಿಹಾರ ನಮ್ಮ ಊರಿನಲ್ಲಿಯೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಅಸ್ತ್ರ ಒಲೆಯನ್ನು ರೂಪಿಸಿತು. ಈಗ ಪೇಟೆಯಲ್ಲಿ ಅನಿಲದ ಒಲೆ ಬಂದಿದೆ. ಆದರೆ ಹಿಂದೆ ನುಂಗಿದ ಹೊಗೆ ಎದೆಯೊಳಗೆ ಉಳಿದಿದೆ; ಅದರ ಮೇಲೆ ಬಾಗಿಲು ಮುಚ್ಚಿ ಹಚ್ಚಿಡುವ ಸೊಳ್ಳೆಬತ್ತಿ ಬೇರೆ. ೨೦೦೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಪ್ರಕಾರ ಒಂದು ಸುರುಳಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳು ೭೫ರಿಂದ ೧೩೭ ಸಿಗರೇಟುಗಳಿಗೆ ಸಮ. ಸೊಳ್ಳೆಪರದೆಯನ್ನು ನಾವೇಕೆ ಮರೆತೆವೋ ತಿಳಿಯದು.

ಇನ್ನು ಬೀದಿಯ ವೈದ್ಯರ ಮಾತು. ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಹಳೆಯ ನಿದರ್ಶನವಿದೆ, ಕ್ಷಯರೋಗದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ ೧೯೬೩ರಲ್ಲಿ ಪ್ರಕಟವಾಯಿತು. ಹಳ್ಳಿಯ ರೋಗಿಗಳಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಆವರೆಗೆ ಪಂಡಿತರು ನಂಬಿದ್ದರು. ಕಂಡದ್ದು ಬೇರೆ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವು ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಹತ್ತಿರದ ಚಿಕಿತ್ಸಾಲಯದ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕದ್ದು ಕೆಮ್ಮಿನ ಔಷಧದ ಬಾಟಲಿ. ಕ್ಷಯದ ಪತ್ತೆಯನ್ನು ಸಾಮಾನ್ಯ ಚಿಕಿತ್ಸಾಲಯಗಳಲ್ಲಿಯೇ ನಡೆಸಬೇಕೆಂಬ ತತ್ವಕ್ಕೆ ಈ ಅಧ್ಯಯನ ಬಲ ಕೊಟ್ಟಿತು.

ಅರವತ್ತು ವರ್ಷಗಳ ಮೇಲೆ ಸಿ.ಓ.ಪಿ.ಡಿ. ರೋಗಿಯ ಅವಸ್ಥೆ ನೋಡಿದರೆ ಆ ಬಾಟಲಿಯೇ ನೆನಪಾಗುತ್ತದೆ. ಆತ ಬರುತ್ತಾನೆ, ವರ್ಷಕ್ಕೆ ನಾಲ್ಕು ಸಲ ಬರುತ್ತಾನೆ, ಪ್ರತಿಸಲವೂ ಒಂದು ಚುಚ್ಚುಮದ್ದು, ಐದು ಗುಳಿಗೆ, ಒಂದು ಸಿರಪ್ಪು ಪಡೆದು ಹೋಗುತ್ತಾನೆ. ದಾಳಿಗೆ ಚಿಕಿತ್ಸೆಯಾಗುತ್ತದೆ, ರೋಗಕ್ಕೆ ಹೆಸರೇ ಇಡುವುದಿಲ್ಲ. ವೈದ್ಯರನ್ನು ದೂರುವುದು ಸುಲಭ. ಹೊರಗೆ ನಲವತ್ತು ಜನ ಕಾದಿರುವಾಗ ಒಬ್ಬ ರೋಗಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಕೊಡುವುದು ಕಷ್ಟ. ಆದರೂ ಆ ಮೂರು ನಿಮಿಷಗಳಲ್ಲಿ ಆಗಬಹುದಾದ ಕೆಲಸ ಬಹಳವಿದೆ. ನಲವತ್ತು ದಾಟಿದವರಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಮೊದಲು ಕಫದ ಪರೀಕ್ಷೆ, ಕ್ಷಯವಿದೆಯೇ ನೋಡಲು. ಕ್ಷಯ ಇಲ್ಲವೆಂದಾದ ಮೇಲೆ, ಅಥವಾ ಹಿಂದೆಂದೋ ಬಂದು ವಾಸಿಯಾಗಿದ್ದರೆ, ಸಿ.ಓ.ಪಿ.ಡಿ.ಯ ಸಂಶಯ; ಗುಣವಾದ ಕ್ಷಯವು ಬಿಟ್ಟುಹೋದ ಕಲೆಯಿಂದಲೂ ಈ ರೋಗ ಬರುವುದುಂಟು. ಹೃದಯದ ದೌರ್ಬಲ್ಯ, ರಕ್ತಹೀನತೆ ಇವೂ ಏದುಸಿರು ತರುತ್ತವೆ, ಅವನ್ನೂ ನೋಡಬೇಕು.

ನಿಶ್ಚಯಕ್ಕೆ ಬೇಕಾದದ್ದು ಊದುವ ಪರೀಕ್ಷೆ, ಸ್ಪೈರೋಮೆಟ್ರಿ. ೧೮೪೬ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯ ಉಸಿರನ್ನು ಅಳೆಯುವ ಯಂತ್ರವನ್ನು ಲೋಕಕ್ಕೆ ಪರಿಚಯಿಸಿದ. ಇಂದಿನ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಲೆಕ್ಕ ಸರಳ. ಎದೆತುಂಬ ಉಸಿರೆಳೆದು ಬಲವಾಗಿ, ಕಡೆಯವರೆಗೆ ಊದಬೇಕು. ಒಟ್ಟು ಮೂರು ಲೀಟರು ಗಾಳಿ ಹೊರಬಂತೆನ್ನಿ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು? ಒಂದೂವರೆ ಲೀಟರು ಮಾತ್ರವಾದರೆ ಪ್ರಮಾಣ ೦.೫. ಉಸಿರ್ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಇದು ೦.೭ಕ್ಕಿಂತ ಕಡಿಮೆಯಿದ್ದು, ಲಕ್ಷಣಗಳೂ ಹೊಂದಿಕೆಯಾದರೆ ರೋಗ ಇದೆಯೆಂದು ಲೆಕ್ಕ. ಬೀದಿಯ ಚಿಕಿತ್ಸಾಲಯದಲ್ಲಿ ಈ ಯಂತ್ರ ಅಪರೂಪ. ರಕ್ತದೊತ್ತಡ ಅಳೆಯುವ ಪಟ್ಟಿಯಿಲ್ಲದ ವೈದ್ಯರನ್ನು ನಾವು ಒಪ್ಪುವುದಿಲ್ಲ. ಉಸಿರು ಅಳೆಯುವ ಸಾಧನವಿಲ್ಲದಿದ್ದರೆ ನಮಗೇನೂ ಅನ್ನಿಸುವುದಿಲ್ಲ. ಇದು ವಿಚಿತ್ರ. ಒಮ್ಮೆಯಾದರೂ ಈ ಪರೀಕ್ಷೆಗಾಗಿ ದೊಡ್ಡ ಆಸ್ಪತ್ರೆಗೋ, ನಿಮ್ಹಾನ್ಸ್ ಸಮೀಪದ ರಾಜೀವ ಗಾಂಧಿ ಎದೆರೋಗಗಳ ಸಂಸ್ಥೆಗೋ ಹೋಗಿ, ಆ ಕಾಗದವನ್ನು ತಂದು ಬೀದಿಯ ವೈದ್ಯರ ಕೈಗೆ ಕೊಟ್ಟರೆ ಮುಂದಿನ ವರ್ಷಗಳ ಆರೈಕೆಯನ್ನು ಅವರೇ ನಡೆಸಬಹುದು.

ಔಷಧದ ವಿಷಯಕ್ಕೆ ಬಂದರೆ, ನಮ್ಮ ಜನರಿಗೆ ಇನ್‌ಹೇಲರ್ ಎಂದರೆ ಭಯ, ನಾಚಿಕೆ. ‘ಒಮ್ಮೆ ಶುರುವಾದರೆ ಬಿಡಲಾಗದು’, ‘ಅದು ಕೊನೆಗಾಲದ ಔಷಧ’, ‘ಹೆಣ್ಣು ನೋಡಲು ಬರುವವರಿಗೆ ಕಾಣಿಸಬಾರದು’ ಇವೆಲ್ಲ ನಾನು ಕಿವಿಯಾರೆ ಕೇಳಿದ ಮಾತುಗಳು. ಇದಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ. ಸಾಲ್ಬುಟಮಾಲ್ ಎಂಬ ಸಾಮಾನ್ಯ ಔಷಧದ ಒಂದು ಗುಳಿಗೆಯಲ್ಲಿ ೪ ಮಿಲಿಗ್ರಾಮು ಇರುತ್ತದೆ, ಎಂದರೆ ೪೦೦೦ ಮೈಕ್ರೋಗ್ರಾಮು. ಪಂಪಿನ ಒಂದು ಒತ್ತಿಗೆ ಬರುವುದು ೧೦೦ ಮೈಕ್ರೋಗ್ರಾಮು. ಒಂದು ಗುಳಿಗೆ ಎಂದರೆ ನಲವತ್ತು ಒತ್ತು! ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮೈಗೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಗುಟ್ಟಿಸಿ, ಕೊನೆಗೆ ಒಂದಿಷ್ಟು ಶ್ವಾಸಕೋಶಕ್ಕೆ ತಲಪುತ್ತದೆ. ಪಂಪಿನದು ನೇರ ದಾರಿ. ಅಡಿಗೆಮನೆಯ ಗಿಡಕ್ಕೆ ನೀರು ಬೇಕೆಂದು ಊರಿಗೆಲ್ಲ ಮಳೆ ಸುರಿಸಬೇಕಾಗಿಲ್ಲ.

ಇದು ನಮಗೆ ಪರಕೀಯವಾದ ವಿದ್ಯೆಯೂ ಅಲ್ಲ. ಆಯುರ್ವೇದದಲ್ಲಿ ತಮಕಶ್ವಾಸವೆಂಬ ಹೆಸರುಂಟು. ಉಮ್ಮತ್ತಿಯ ಹೊಗೆಯನ್ನು ಉಬ್ಬಸಕ್ಕೆ ಸೇದಿಸುವ ಪದ್ಧತಿ ಈ ದೇಶದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದು ಮದರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಉಮ್ಮತ್ತಿಯಲ್ಲಿರುವ ಅಟ್ರೋಪೀನಿನ ವಂಶದವುಗಳೇ ಇಂದಿನ ಇಪ್ರಟ್ರೋಪಿಯಂ, ಟಿಯೊಟ್ರೋಪಿಯಂ ಎಂಬ ಔಷಧಗಳು. ಹಾಗೆಂದು ಯಾರೂ ಉಮ್ಮತ್ತಿ ಎಲೆ ಹುಡುಕಿ ಹೋಗಬಾರದು. ಅದು ವಿಷ, ಅಳತೆ ತಪ್ಪಿದರೆ ಪ್ರಾಣ ಹೋಗುತ್ತದೆ.

ಪಂಪು ಕೊಂಡರೆ ಸಾಲದು, ಬಳಸುವ ಕ್ರಮ ತಿಳಿಯಬೇಕು. ಉಸಿರನ್ನು ಪೂರ್ತಿ ಹೊರಬಿಟ್ಟು, ಪಂಪಿನ ಬಾಯನ್ನು ತುಟಿಗಳಿಂದ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ತೊಡಗಿದ ಕ್ಷಣದಲ್ಲಿಯೇ ಒತ್ತಿ, ಹತ್ತು ಎಣಿಸುವ ತನಕ ಉಸಿರು ಹಿಡಿದಿಡಬೇಕು. ಪುಡಿಯ ಮಾತ್ರೆ ಹಾಕಿ ಸೇದುವ ಸಾಧನವಾದರೆ ಕ್ರಮ ಇದಕ್ಕೆ ವಿರುದ್ಧ: ನಿಧಾನವಲ್ಲ, ರಭಸವಾಗಿ, ಆಳವಾಗಿ ಎಳೆಯಬೇಕು. ಈ ವ್ಯತ್ಯಾಸವನ್ನು ಹೇಳಿಕೊಡದಿದ್ದರೆ ಔಷಧ ನಾಲಗೆಯ ಮೇಲೆ, ರೋಗ ಎದೆಯಲ್ಲಿ. ಮುದುಕರಿಗೆ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗುವುದಿಲ್ಲ. ಅವರಿಗೆ ಸ್ಪೇಸರ್ ಎಂಬ ಡಬ್ಬಿ ಬೇಕು. ಅದಕ್ಕೂ ಹಣವಿಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿಗೆ ಬಿಗಿಯಾಗುವಂತೆ ರಂಧ್ರ ಕೊರೆದು ಬಳಸಬಹುದೆಂದು ದಕ್ಷಿಣ ಆಫ್ರಿಕದ ವೈದ್ಯರು ಆಸ್ತಮಾದ ಮಕ್ಕಳಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ನಿಮ್ಮ ಪಂಪನ್ನು ಜೊತೆಗೆ ಒಯ್ದು ‘ನಾನು ಸೇದುವುದನ್ನು ಒಮ್ಮೆ ನೋಡಿ’ ಎನ್ನಿ. ಸ್ಟೀರಾಯ್ಡ್ ಬೆರೆತ ಪಂಪು ಎಲ್ಲ ಸಿ.ಓ.ಪಿ.ಡಿ. ರೋಗಿಗಳಿಗೂ ಬೇಕಿಲ್ಲ, ಪದೇಪದೇ ದಾಳಿಗೊಳಗಾಗುವ ಕೆಲವರಿಗೆ ಮಾತ್ರ. ಅದನ್ನು ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು.

ಬೀಡಿ ಸಿಗರೇಟು ಬಿಡುವುದರ ಮುಂದೆ ಈ ಔಷಧಗಳೆಲ್ಲ ಎರಡನೆಯ ದರ್ಜೆಯವು. ಇಂಗ್ಲೆಂಡಿನ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ೧೯೭೭ರಲ್ಲಿ ಪ್ರಕಟಿಸಿದ ಒಂದು ರೇಖಾಚಿತ್ರ ಪ್ರಸಿದ್ಧವಾಗಿದೆ. ವಯಸ್ಸಾದಂತೆ ಎಲ್ಲರ ಉಸಿರಿನ ಬಲವೂ ಇಳಿಯುತ್ತದೆ. ಹೊಗೆಯ ಕೇಡಿಗೆ ಬಲಿಯಾಗುವವರಲ್ಲಿ ಅದು ಕಡಿದಾಗಿ ಇಳಿಯುತ್ತದೆ. ಬಿಟ್ಟ ದಿನದಿಂದ ಇಳಿಜಾರು ಮತ್ತೆ ಸಾಧಾರಣವಾಗುತ್ತದೆ. ಕಳೆದದ್ದು ಬರುವುದಿಲ್ಲ, ಉಳಿದದ್ದು ಉಳಿಯುತ್ತದೆ. ‘ಅರವತ್ತಾದ ಮೇಲೆ ಬಿಟ್ಟೇನು ಫಲ?’ ಎನ್ನುವವರಿಗೆ ಆ ಚಿತ್ರವನ್ನು ತೋರಿಸಬೇಕು. ಒಂಟಿಯಾಗಿ ಬಿಡಲಾಗದವರಿಗೆ ೧೮೦೦-೧೧-೨೩೫೬ ಎಂಬ ಉಚಿತ ದೂರವಾಣಿ ಇದೆ. ದಕ್ಷಿಣದ ಕರೆಗಳಿಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೧೮ರಿಂದ ಕೇಂದ್ರವುಂಟು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬೇಕು. ಏದುಸಿರು ಬರುತ್ತದೆಂದು ಕುಳಿತೇ ಇರುವುದು ಕೇಡು. ಕಾಲಿನ ಸ್ನಾಯು ಸೊರಗಿದಷ್ಟೂ ಉಸಿರಿನ ಖರ್ಚು ಹೆಚ್ಚು. ದಿನವೂ ಒಂದಿಷ್ಟು ನಡೆಯಬೇಕು, ದಣಿದಾಗ ನಿಂತು, ಸೀಟಿ ಹೊಡೆಯುವವರಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಟ್ಟು, ಮತ್ತೆ ನಡೆಯಬೇಕು.

ದಾಳಿಯ ಲಕ್ಷಣ ಮೂರು: ಏದುಸಿರು ಎಂದಿಗಿಂತ ಹೆಚ್ಚಾಗುವುದು, ಕಫ ಹೆಚ್ಚಾಗುವುದು, ಕಫ ಹಳದಿ ಹಸಿರಿಗೆ ತಿರುಗುವುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ ಐದು ದಿನಗಳ ಸ್ಟೀರಾಯ್ಡ್ ಗುಳಿಗೆ ಸಾಕು ಎಂದು ೨೦೧೩ರ ಸ್ವಿಟ್ಜರ್ಲೆಂಡಿನ ಪ್ರಯೋಗ ತೋರಿಸಿದೆ. ಅದೇ ಚೀಟಿಯನ್ನು ಔಷಧದಂಗಡಿಯಲ್ಲಿ ವರ್ಷವಿಡೀ ತೋರಿಸಿ ನುಂಗುವುದು, ಮೂಳೆಯನ್ನೂ ಸಕ್ಕರೆಯನ್ನೂ ಕೆಡಿಸಿಕೊಳ್ಳುವ ದಾರಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಬೀದಿಯ ವೈದ್ಯರಿಗೂ ಕಾಯದೆ ೧೦೮ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ ಆಮ್ಲಜನಕ. ೨೦೨೧ರ ಆ ಕಠೋರವಾದ ಬೇಸಗೆಯ ನಂತರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮನೆಗೂ ಬಂದಿದೆ. ಕೆಲವು ಮನೆಗಳಲ್ಲಿ ಆಮ್ಲಜನಕದ ಯಂತ್ರವೂ ಇದೆ. ಸಿ.ಓ.ಪಿ.ಡಿ. ರೋಗಿಯ ಬೆರಳಿನಲ್ಲಿ ೯೦ ಎಂದು ತೋರಿಸಿದ ಕೂಡಲೇ ಮನೆಯವರು ಹೆದರಿ ಯಂತ್ರವನ್ನು ಪೂರ್ತಿ ತಿರುಗಿಸುತ್ತಾರೆ. ಇದು ಅಪಾಯ. ಈ ರೋಗಿಗಳಲ್ಲಿ ಕೆಲವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು, ಮೂರ್ಛೆ ಬರುತ್ತದೆ. ೨೦೧೦ರಲ್ಲಿ ಪ್ರಕಟವಾದ ಟಾಸ್ಮೇನಿಯದ ಪ್ರಯೋಗದಲ್ಲಿ, ಆಂಬುಲೆನ್ಸಿನಲ್ಲಿ ಧಾರಾಳವಾಗಿ ಆಮ್ಲಜನಕ ಕೊಡುವ ಬದಲು ೮೮ರಿಂದ ೯೨ರ ನಡುವೆ ನಿಲ್ಲುವಂತೆ ಅಳೆದು ಕೊಟ್ಟಾಗ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. ಮನೆಯಲ್ಲಿ ನಿತ್ಯ ಆಮ್ಲಜನಕ ಯಾರಿಗೆ ಬೇಕು ಎಂಬುದನ್ನೂ ಅಳೆದೇ ತೀರ್ಮಾನಿಸುತ್ತಾರೆ. ೧೯೮೦ ಮತ್ತು ೧೯೮೧ರಲ್ಲಿ ಪ್ರಕಟವಾದ ಅಮೆರಿಕದ, ಬ್ರಿಟನ್ನಿನ ಎರಡು ಪ್ರಯೋಗಗಳು, ಸ್ವಸ್ಥ ಸ್ಥಿತಿಯಲ್ಲಿಯೂ ರಕ್ತದ ಆಮ್ಲಜನಕ ತೀರ ಕೆಳಗಿರುವವರಿಗೆ ದಿನಕ್ಕೆ ೧೫ ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಂದು ತೋರಿಸಿದವು. ಅಷ್ಟು ಕೆಳಗಿಳಿಯದವರಿಗೆ ಇದರಿಂದ ಲಾಭವಿಲ್ಲವೆಂದು ೨೦೧೬ರ ಪ್ರಯೋಗ ಹೇಳಿತು. ಹೆದರಿಕೆಗೆ ಅರ್ಧ ಗಂಟೆ ಮೂಗಿಗೆ ಹಿಡಿದು ತೆಗೆಯುವುದರಿಂದ ಆಯುಸ್ಸು ಹೆಚ್ಚುವುದಿಲ್ಲ. ವಿದ್ಯುತ್ತಿನ ಬಿಲ್ಲು ಮಾತ್ರ ಹೆಚ್ಚುತ್ತದೆ. ಯಂತ್ರ ನಿಜವಾಗಿ ಬೇಕಾದ ಮನೆಯಲ್ಲಿ ಅದನ್ನು ದೇವರ ಗೂಡಿನ ಪಕ್ಕದಲ್ಲಿಡಬಾರದು. ಆಮ್ಲಜನಕವಿದ್ದಲ್ಲಿ ಬೆಂಕಿ ಬಲು ಬೇಗ ಹಬ್ಬುತ್ತದೆ; ದೀಪ, ಊದುಬತ್ತಿ, ಒಲೆ, ಬೀಡಿ ಎಲ್ಲವನ್ನೂ ಆ ಕೋಣೆಯಿಂದ ಹೊರಗಿಡಬೇಕು.